ಮಳವಳ್ಳಿಯಿಂದ ಫ್ರೀಜರಿನವರೆಗೆ: ಕರುಳಿನ ಕಾಯಿಲೆಯ ಸಂಶೋಧನೆಗೆ ಸ್ಯಾಂಪಲ್ ಕೂಡಿಸುವ ಪಾಠ

ಎಂಜಿನಿಯರಿಂಗ್ ಕಾಲೇಜಿನ ಕನ್ನಡ ಸಂಘದ ಪತ್ರಿಕೆಯಲ್ಲಿ ಮಲ, ರಕ್ತ, ಕರುಳು ಅಂತ ಬರೆದರೆ ಕೆಲವರು ಮೂಗು ಮುಚ್ಚಿಕೊಳ್ಳಬಹುದು. ಮುಚ್ಚಿಕೊಂಡೇ ಓದಿ, ಪರವಾಗಿಲ್ಲ. ಆದರೆ ಪೂರ್ತಿ ಓದಿ. ಯಾಕೆಂದರೆ ಈ ವಿಷಯದಲ್ಲಿ ಡಾಕ್ಟರುಗಳ ಕೆಲಸ ಎಷ್ಟಿದೆಯೋ ನಮ್ಮಂಥವರ ಕೆಲಸವೂ ಅಷ್ಟೇ ಇದೆ: ಸಮಯದ ಲೆಕ್ಕ, ತಾಪಮಾನದ ಲೆಕ್ಕ, ಲೇಬಲ್ಲು, ಡೇಟಾಬೇಸು. ಜೊತೆಗೆ ಕನ್ನಡದ ಕೆಲಸವೂ ಇದೆ. ಅದೇ ಎಲ್ಲಕ್ಕಿಂತ ಹೆಚ್ಚು.

ಕರುಳಿನ ಉರಿಯೂತದ ಕಾಯಿಲೆ, ಅಂದರೆ ಐಬಿಡಿ, ಇದರ ಬಗ್ಗೆ ಸಂಶೋಧನೆ ನಡೆಯಬೇಕಾದರೆ ರೋಗಿಗಳಿಂದ ಸ್ಯಾಂಪಲ್ ಬೇಕು. ಮಂಡ್ಯ, ಮದ್ದೂರು, ಮಳವಳ್ಳಿಯಂಥ ಕಡೆ ಅದನ್ನು ಕೂಡಿಸುವುದು ಹೇಗೆ, ಎಲ್ಲಿ ಕೆಡುತ್ತದೆ, ಯಾಕೆ ಕೂಡಿಸಲೇಬೇಕು ಎನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ. ನಾವು ಹೇಳಬೇಕೆಂದಿರುವ ಮಾತು ಇಷ್ಟೇ: ಡಬ್ಬಿಯಲ್ಲಿರುವ ವಸ್ತು, ಅದರ ಸಮಯ ಮತ್ತು ವಿವರ, ಕೊಟ್ಟವರ ಒಪ್ಪಿಗೆ, ಈ ಮೂರೂ ಸೇರಿದರೇ ಅದು ಸ್ಯಾಂಪಲ್. ಒಂದು ತಪ್ಪಿದರೂ ಅದು ಬರೀ ಕಸ.

1. ಕಾಯಿಲೆ ಯಾವುದು?

ಐಬಿಡಿಯಲ್ಲಿ ನಮ್ಮ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಕರುಳಿನ ಒಳಗೋಡೆ ಕೆಂಪಾಗಿ, ಊದಿಕೊಂಡು, ಹುಣ್ಣಾಗುತ್ತದೆ. ಇದರಲ್ಲಿ ಎರಡು ಮುಖ್ಯ ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಬರುವಂಥದ್ದು. ಸಾಮಾನ್ಯವಾಗಿ ಗುದನಾಳದಿಂದ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ, ಒಳಪದರದಲ್ಲೇ ಇರುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಆಳಕ್ಕೂ ಇಳಿಯಬಹುದು. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು ಇದನ್ನು ವಿವರಿಸಿ ಬರೆದರು, ಹಾಗಾಗಿ ಆ ಹೆಸರು.

ರಕ್ತ ಬೆರೆತ ಭೇದಿ, ಹೊಟ್ಟೆ ನುಲಿತ, ಸುಸ್ತು, ತೂಕ ಇಳಿಯುವುದು, ದಿನಕ್ಕೆ ಎಷ್ಟೋ ಸಲ ಅವಸರವಾಗುವುದು, ಇವು ಲಕ್ಷಣಗಳು. ಕೆಲವು ತಿಂಗಳು ಜೋರಾಗುತ್ತೆ, ಕೆಲವು ತಿಂಗಳು ತಣ್ಣಗಿರುತ್ತೆ. ಐಬಿಎಸ್ ಅಂತ ಇನ್ನೊಂದಿದೆ, ಹೆಸರು ಹತ್ತಿರ ಇರುವುದರಿಂದ ಬಹಳ ಜನ ಎರಡನ್ನೂ ಒಂದೇ ಅಂದುಕೊಳ್ತಾರೆ. ಐಬಿಎಸ್‌ನಲ್ಲಿ ಕರುಳಿಗೆ ಇಂಥ ಹುಣ್ಣು, ಉರಿಯೂತ ಇರುವುದಿಲ್ಲ.

ನಮ್ಮ ಕಡೆ ಇದನ್ನು ಪತ್ತೆ ಮಾಡುವುದಕ್ಕೆ ಎರಡು ತೊಡಕು. ಮೊದಲನೆಯದು ನಾಚಿಕೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತಲೋ, ಆಮಶಂಕೆ ಅಂತಲೋ, ಮೈ ಉಷ್ಣ ಅಂತಲೋ ತಾವೇ ತೀರ್ಮಾನ ಮಾಡಿಕೊಂಡು, ಮೆಡಿಕಲ್ ಸ್ಟೋರಿನ ಮಾತ್ರೆಯಲ್ಲಿ ದಿನ ತಳ್ಳುವವರಿದ್ದಾರೆ. ಎರಡನೆಯದು ಕ್ಷಯ. ಕರುಳಿನ ಟಿಬಿ ಮತ್ತು ಕ್ರೋನ್ಸ್ ಕಾಯಿಲೆ ನೋಡುವುದಕ್ಕೆ ಅಣ್ಣ ತಮ್ಮಂದಿರ ಹಾಗೆ. ಎರಡೂ ಹೆಚ್ಚಾಗಿ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲೇ ಕಾಣಿಸಿಕೊಳ್ಳುತ್ತವೆ. ಕ್ರೋನ್ಸ್ ಅನ್ನು ಟಿಬಿ ಅಂದುಕೊಂಡರೆ ತಿಂಗಳುಗಟ್ಟಲೆ ಬೇಡದ ಔಷಧ ತಿಂದಂತಾಗುತ್ತದೆ, ಅಷ್ಟರಲ್ಲಿ ಕರುಳು ಇನ್ನೂ ಹಾಳಾಗುತ್ತದೆ. ಟಿಬಿಯನ್ನು ಕ್ರೋನ್ಸ್ ಅಂದುಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಟ್ಟರೆ ಟಿಬಿ ಮೈತುಂಬ ಹಬ್ಬಿ ಪ್ರಾಣಕ್ಕೇ ಕುತ್ತು. ಇವೆರಡನ್ನೂ ಬೇಗ, ಕಡಿಮೆ ಖರ್ಚಿನಲ್ಲಿ, ಖಚಿತವಾಗಿ ಬೇರ್ಪಡಿಸುವ ಪರೀಕ್ಷೆ ಬೇಕು. ಟಿಬಿ ಅಪರೂಪವಾಗಿರುವ ದೇಶದ ಸ್ಯಾಂಪಲ್ ಇಟ್ಟುಕೊಂಡು ಆ ಪರೀಕ್ಷೆ ಹುಡುಕುವುದಕ್ಕೆ ಆಗುವುದಿಲ್ಲ. ಎರಡೂ ಇರುವ ಊರಿನ ಸ್ಯಾಂಪಲ್ಲೇ ಬೇಕು.

2. ನಮ್ಮೂರಿನದೇ ಯಾಕೆ?

ಇದು ಪಟ್ಟಣದವರ, ಬರ್ಗರ್ ತಿನ್ನುವವರ ಕಾಯಿಲೆ ಅನ್ನುವ ಮಾತಿದೆ. ಪಂಜಾಬಿನಲ್ಲಿ ಮನೆಮನೆಗೆ ಹೋಗಿ ಮಾಡಿದ ಒಂದು ಸಮೀಕ್ಷೆ 2003ರಲ್ಲಿ ಪ್ರಕಟವಾಯಿತು. ಅದರಲ್ಲಿ 51,910 ಜನರನ್ನು ವಿಚಾರಿಸಿದಾಗ ಅಲ್ಸರೇಟಿವ್ ಕೊಲೈಟಿಸ್ ಪ್ರಮಾಣ ಲಕ್ಷಕ್ಕೆ ಸುಮಾರು 44 ಅಂತ ಬಂತು. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ವೈದ್ಯರು ಎಂಡೋಸ್ಕೋಪಿ ಸಲಕರಣೆಯನ್ನು ವಾಹನದಲ್ಲಿಟ್ಟುಕೊಂಡು ಹಳ್ಳಿಗಳಿಗೇ ಹೋದರು. ಹೊಟ್ಟೆಯ ತೊಂದರೆ ಹೇಳಿಕೊಂಡು ಬಂದವರಲ್ಲಿ ಐಬಿಡಿ ಇದ್ದವರ ಪ್ರಮಾಣ ಹಳ್ಳಿಯಲ್ಲೂ ಪಟ್ಟಣದಲ್ಲೂ ಹೆಚ್ಚುಕಡಿಮೆ ಒಂದೇ, ನೂರಕ್ಕೆ ಸುಮಾರು ಐದು.

ಒಂದು ಕೈಲೆಕ್ಕ ಹಾಕೋಣ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ ಸುಮಾರು 18 ಲಕ್ಷ. ಪಂಜಾಬಿನ ಅಂಕಿಯನ್ನೇ ಇಲ್ಲಿಗೆ ಹಾಕಿದರೆ, 18 ಗುಣಿಸು 44, ಸುಮಾರು 800 ಜನ. ಇದು ಮಂಡ್ಯದ ನಿಜವಾದ ಸಂಖ್ಯೆ ಅಂತ ನಾವು ಹೇಳ್ತಿಲ್ಲ. ಗೋಧಿ ರೊಟ್ಟಿ ತಿನ್ನುವ ಊರಿನ ಅಂಕಿ ರಾಗಿ ಮುದ್ದೆ ತಿನ್ನುವ ಊರಿಗೆ ಹಾಗೇ ಹೊಂದಬೇಕಾಗಿಲ್ಲ. ಆದರೆ ಇಂಥ ಎರವಲು ಲೆಕ್ಕವೇ ಗತಿ ಅನ್ನುವುದೇ ಕೊರತೆಯನ್ನು ತೋರಿಸುತ್ತದೆ.

ಜೀನ್‌ಗಳ ವಿಷಯದಲ್ಲೂ ಹೀಗೇ ಆಗಿದೆ. 2001ರಲ್ಲಿ ನಾಡ್-2 ಎಂಬ ಜೀನ್‌ನಲ್ಲಿರುವ ಕೆಲವು ವ್ಯತ್ಯಾಸಗಳಿಗೂ ಕ್ರೋನ್ಸ್ ಕಾಯಿಲೆಗೂ ಸಂಬಂಧವಿದೆ ಅಂತ ಎರಡು ತಂಡಗಳು ತೋರಿಸಿದವು. ದೊಡ್ಡ ಸುದ್ದಿಯಾಯಿತು. ಆದರೆ ಯುರೋಪ್ ಮೂಲದವರಲ್ಲಿ ಕಂಡ ಆ ವ್ಯತ್ಯಾಸಗಳು ಭಾರತದ ರೋಗಿಗಳಲ್ಲಿ ಬಹಳ ಅಪರೂಪ. ಬೇರೆಯವರ ಮೈ ನೋಡಿ ಹೊಲಿದ ಅಂಗಿ ನಮಗೆ ಹೇಗೆ ಸರಿಹೋದೀತು?

3. ಏನೇನು ತಗೊಳ್ತಾರೆ?

ಮಲ: ಕರುಳಿನ ಸೂಕ್ಷ್ಮಜೀವಿಗಳ ಲೆಕ್ಕ ಇದರಿಂದ ಸಿಗುತ್ತದೆ. ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನೂ ಇದರಲ್ಲೇ ಅಳೆಯುತ್ತಾರೆ. ಉರಿಯೂತವಾದ ಕರುಳಿಗೆ ಬಿಳಿ ರಕ್ತಕಣಗಳು ಧಾವಿಸಿದಾಗ ಅವುಗಳಿಂದ ಬರುವ ಪ್ರೋಟೀನ್ ಅದು. ಐಬಿಡಿಯನ್ನೂ ಐಬಿಎಸ್‌ಅನ್ನೂ ಬೇರೆ ಮಾಡುವುದಕ್ಕೆ ವೈದ್ಯರಿಗೆ ಇದು ದೊಡ್ಡ ಸಹಾಯ.

ರಕ್ತ: ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಇರುತ್ತದೆ, ಡಿಎನ್‌ಎ ತೆಗೆಯುವುದಕ್ಕೆ ಅದು. ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿ ಸೀರಂ ತೆಗೆಯುತ್ತಾರೆ. ಇದನ್ನು ಸುಮಾರು ಎರಡು ಗಂಟೆಯೊಳಗೆ ಮಾಡುವುದು ಒಳ್ಳೆಯದು. ಬೇರ್ಪಡಿಸದ ಟ್ಯೂಬನ್ನು ಗುಂಡಿ ಬಿದ್ದ ರಸ್ತೆಯಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಕುಲುಕಿಸಿದರೆ ಕೆಂಪುಕಣಗಳು ಒಡೆದು ಸೀರಂ ಕೆಂಪಾಗುತ್ತದೆ, ಕೆಲವು ಅಳತೆಗಳು ತಪ್ಪುತ್ತವೆ.

ಬಯಾಪ್ಸಿ: ಕೊಲೊನೋಸ್ಕೋಪಿ ಮಾಡುವಾಗ ಕರುಳಿನ ಒಳಪದರದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರು ತೆಗೆಯುತ್ತಾರೆ. ರೋಗಿಗೆ ಹೇಗೂ ಕೊಲೊನೋಸ್ಕೋಪಿ ಬೇಕಾಗಿದ್ದಾಗ, ಮೊದಲೇ ಕೇಳಿ ಒಪ್ಪಿಗೆ ಪಡೆದು, ಒಂದೆರಡು ಚೂರು ಹೆಚ್ಚು ತೆಗೆಯುವುದು ಕ್ರಮ. ಪೆಥಾಲಜಿಗೆ ಹೋಗುವ ಚೂರು ಫಾರ್ಮಲಿನ್‌ಗೆ. ಆರ್‌ಎನ್‌ಎ ಓದಬೇಕಾದ ಚೂರು ಫಾರ್ಮಲಿನ್‌ಗೆ ಬಿದ್ದರೆ ಹಾಳು, ಅದಕ್ಕೆ ಬೇರೆ ದ್ರಾವಣ ಅಥವಾ ದ್ರವ ಸಾರಜನಕ ಬೇಕು. ಇನ್ನೊಂದು ಮಾತು: ಕೊಲೊನೋಸ್ಕೋಪಿಗೆ ಮುಂಚೆ ಹೊಟ್ಟೆ ತೊಳೆಯುವ ಔಷಧ ಕುಡಿಸುತ್ತಾರೆ. ಆದ್ದರಿಂದ ಮಲದ ಸ್ಯಾಂಪಲ್ಲನ್ನು ಅದಕ್ಕಿಂತ ಮೊದಲೇ ತಗೊಂಡಿರಬೇಕು.

4. ಕಬ್ಬು ಕಲಿಸುವ ಪಾಠ

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಿದ ಕಬ್ಬನ್ನು ಗದ್ದೆಯಲ್ಲೇ ಬಿಟ್ಟರೆ ಏನಾಗುತ್ತದೆ? ನೋಡುವುದಕ್ಕೆ ಕಬ್ಬು ಹಾಗೇ ಇರುತ್ತದೆ, ಒಳಗೆ ಸಕ್ಕರೆ ಒಡೆಯುತ್ತಾ ಹೋಗುತ್ತದೆ. ತಡವಾದಷ್ಟೂ ಇಳುವರಿ ಕಡಿಮೆ. ಅದಕ್ಕೇ ಕಬ್ಬು ಕಡಿದ ಮೇಲೆ ಆಲೆಮನೆಗೋ ಕಾರ್ಖಾನೆಗೋ ಸಾಗಿಸುವ ತನಕ ರೈತನಿಗೆ ನಿದ್ದೆ ಇಲ್ಲ.

ಮಲದ ಸ್ಯಾಂಪಲ್ಲೂ ಹಾಗೆಯೇ. ಅದರಲ್ಲಿರುವ ಬಹುಪಾಲು ಬ್ಯಾಕ್ಟೀರಿಯಾಗಳು ಆಮ್ಲಜನಕ ಇಲ್ಲದ ಕತ್ತಲೆಯಲ್ಲಿ ಬದುಕುವಂಥವು. ಹೊರಗೆ ಬಂದ ಕೂಡಲೇ ಅವುಗಳಲ್ಲಿ ಅನೇಕವು ಸಾಯತೊಡಗುತ್ತವೆ. ಗಾಳಿ ಇದ್ದರೂ ಇಲ್ಲದಿದ್ದರೂ ಬದುಕಬಲ್ಲ ಈ ಕೊಲಿ ಮತ್ತು ಅದರ ಬಳಗ ಬೆಚ್ಚಗಿನ ಡಬ್ಬಿಯಲ್ಲಿ ಹೆಚ್ಚುತ್ತಾ ಹೋಗುತ್ತವೆ. ಅನುಕೂಲ ಸರಿಯಾಗಿದ್ದರೆ ಈ ಕೊಲಿ 20 ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲದು.

ಇಲ್ಲಿ ಒಂದು ದೊಡ್ಡ ಅಪಾಯವಿದೆ. ಐಬಿಡಿ ರೋಗಿಗಳ ಕರುಳಿನಲ್ಲೂ ಇದೇ ಬಳಗದ ಬ್ಯಾಕ್ಟೀರಿಯಾಗಳು ಹೆಚ್ಚಿರುವುದು ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ. ಅಂದರೆ ಬಿಸಿಲಿನಲ್ಲಿ ಕಾದ ಆರೋಗ್ಯವಂತನ ಸ್ಯಾಂಪಲ್ಲು ರೋಗಿಯ ಸ್ಯಾಂಪಲ್ಲಿನ ಹಾಗೆ ಕಾಣಬಹುದು. ಈಗ ಯೋಚಿಸಿ: ರೋಗಿಗಳ ಸ್ಯಾಂಪಲ್ ಎಲ್ಲಾ ಮಳವಳ್ಳಿ ಕಡೆಯ ಹಳ್ಳಿಗಳಿಂದ ತಡವಾಗಿ ಬಂದು, ಆರೋಗ್ಯವಂತರದು ಬೆಂಗಳೂರಿನ ಲ್ಯಾಬಿನ ಪಕ್ಕದಲ್ಲೇ ತಾಜಾ ಸಿಕ್ಕರೆ? ಕಂಪ್ಯೂಟರ್ ಎರಡು ಗುಂಪಿಗೂ ವ್ಯತ್ಯಾಸ ತೋರಿಸಿಯೇ ತೋರಿಸುತ್ತದೆ. ನಾವು ಕಾಯಿಲೆ ಕಂಡುಹಿಡಿದೆವು ಅಂತ ಬೀಗುತ್ತೇವೆ. ಕಂಡುಹಿಡಿದದ್ದು ಬಸ್ ಸ್ಟ್ಯಾಂಡಿನಲ್ಲಿ ಕಾದ ಸಮಯವನ್ನು!

5. ಸಮಯದ ಲೆಕ್ಕ

ಒಂದು ಅಭ್ಯಾಸದ ಲೆಕ್ಕ ಮಾಡೋಣ. ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ, ಫ್ರೀಜರ್ ಮಂಡ್ಯದಲ್ಲಿದೆ ಅಂತ ಇಟ್ಟುಕೊಳ್ಳಿ. ಮಳವಳ್ಳಿಗೆ ರೈಲಿಲ್ಲ. ಆದ್ದರಿಂದ ರಸ್ತೆಯಲ್ಲಿ ಮದ್ದೂರಿಗೆ ಬಂದು, ಅಲ್ಲಿನ ಸ್ಯಾಂಪಲ್ಲನ್ನೂ ಸೇರಿಸಿಕೊಂಡು ಮಂಡ್ಯಕ್ಕೆ ಹೋಗುವ ಒಂದೇ ಪೆಟ್ಟಿಗೆ.

ಬೆಳಿಗ್ಗೆ 6:00 – ಮನೆಯಲ್ಲಿ ಸ್ಯಾಂಪಲ್ ತೆಗೆದದ್ದು.
9:30 – ಮಳವಳ್ಳಿ ತಾಲ್ಲೂಕು ಆಸ್ಪತ್ರೆಗೆ ತಲುಪಿದ್ದು.
11:00 – ಪೆಟ್ಟಿಗೆ ಹೊರಟದ್ದು.
12:00 – ಮದ್ದೂರು.
1:00 – ಮದ್ದೂರಿನಿಂದ ಹೊರಟದ್ದು.
1:45 – ಮಂಡ್ಯ.
2:30 – ನೋಂದಣಿ ಮುಗಿದು ಫ್ರೀಜರಿಗೆ ಹೋದದ್ದು.

ಒಟ್ಟು 8 ಗಂಟೆ 30 ನಿಮಿಷ, ಅಂದರೆ 510 ನಿಮಿಷ. ಇದರಲ್ಲಿ ಮಳವಳ್ಳಿಯಿಂದ ಮಂಡ್ಯದ ತನಕ ಗಾಡಿ ಓಡಿದ್ದು 105 ನಿಮಿಷ, ಐದನೇ ಒಂದು ಭಾಗ. ಎಕ್ಸ್‌ಪ್ರೆಸ್ ಹೆದ್ದಾರಿ ಬಂದರೂ ಉಳಿಯುವುದು ಕೆಲವೇ ನಿಮಿಷ. ಅತಿ ಹೆಚ್ಚು ಹೊತ್ತು ಹೋಗುವುದು 6:00ರಿಂದ 9:30ರವರೆಗೆ, ಮನೆಯಿಂದ ಆಸ್ಪತ್ರೆಗೆ ಬರುವಲ್ಲಿ. ಅದೂ ಐಸ್ ಇಲ್ಲದೆ. ಏಪ್ರಿಲ್ ತಿಂಗಳಾದರೆ ಹೊರಗಿನ ಬಿಸಿಲನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ದುರಸ್ತಿ ಆಗಬೇಕಾದದ್ದು ಮೊದಲ ಮೂರೂವರೆ ಗಂಟೆ. ಇದಕ್ಕೆ ದಾರಿ ಇದೆ. ಹಿಂದಿನ ದಿನವೇ ಮನೆಗೆ ಕಿಟ್ ಕೊಡುವುದು: ಮಲ ಹಿಡಿಯುವ ಕಾಗದದ ತಟ್ಟೆ, ಮುಚ್ಚಳದಲ್ಲೇ ಚಮಚ ಇರುವ ಡಬ್ಬಿ, 95% ಎಥನಾಲ್ ತುಂಬಿದ ಪುಟ್ಟ ಟ್ಯೂಬು, ಐಸ್‌ಪ್ಯಾಕು. ಎಥನಾಲ್‌ನಲ್ಲಿ ಹಾಕಿದ ಕೂಡಲೇ ಬ್ಯಾಕ್ಟೀರಿಯಾಗಳು ಸತ್ತು, ಯಾವುದು ಎಷ್ಟಿತ್ತೋ ಆ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ದುಡ್ಡು ಉಳಿಯಲಿ ಅಂತ 70% ಬಳಸಿದರೆ ಆ ಲೆಕ್ಕ ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ಕ್ಯಾಲ್‌ಪ್ರೊಟೆಕ್ಟಿನ್‌ಗೆ ಎಥನಾಲ್ ಹಾಕದ ಬೇರೆ ಡಬ್ಬಿ ಬೇಕು. ಆ ಪ್ರೋಟೀನು ಗಟ್ಟಿ, ಕೋಣೆಯ ತಾಪದಲ್ಲೂ ಸುಮಾರು ಮೂರು ದಿನ ತಾಳುತ್ತದೆ. ಬೇರೆ ಬೇರೆ ಪರೀಕ್ಷೆಗೆ ಬೇರೆ ಬೇರೆ ಗಡುವು. ಎಲ್ಲಕ್ಕೂ ಒಂದೇ ನಿಯಮ ಹಾಕಬಾರದು.

ಇದು ಆಗದ ಹೋಗದ ಮಾತಲ್ಲ. ಅಮೆರಿಕದ ಹ್ಯೂಮನ್ ಮೈಕ್ರೋಬಯೋಮ್ ಯೋಜನೆಯ ಎರಡನೇ ಹಂತದಲ್ಲಿ 132 ಜನರನ್ನು ಸುಮಾರು ಒಂದು ವರ್ಷ ಹಿಂಬಾಲಿಸಿದರು. ಅವರು ಎರಡು ವಾರಕ್ಕೊಮ್ಮೆ ಮನೆಯಲ್ಲೇ ಸ್ಯಾಂಪಲ್ ತೆಗೆದು ಪಾರ್ಸಲ್ ಮಾಡುತ್ತಿದ್ದರು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಸಿಗ್ನಲ್ಸ್ ತರಗತಿಯಲ್ಲಿ ಓದಿದ್ದು ನೆನಪಿರಬೇಕು: ಏರಿಳಿಯುವ ಸಿಗ್ನಲ್ಲನ್ನು ಒಂದೇ ಒಂದು ಸಲ ಅಳೆದರೆ ಏನೂ ತಿಳಿಯುವುದಿಲ್ಲ. ಏರಿ ಇಳಿಯುವ ಈ ಕಾಯಿಲೆಗೂ ಅದೇ ನಿಯಮ.

ನಮ್ಮ ಹಳ್ಳಿಗಳಲ್ಲಿ ಲಸಿಕೆ 2ರಿಂದ 8 ಡಿಗ್ರಿಯಲ್ಲಿ ತಣ್ಣಗೆ ತಲುಪುವ ವ್ಯವಸ್ಥೆ ಆಗಲೇ ಇದೆ. ಆ ಜಾಣ್ಮೆಯನ್ನು ಎರವಲು ಪಡೆಯಬಹುದು. ಲಸಿಕೆಯ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಳಸಬಾರದು, ಇದಕ್ಕೆ ಬೇರೆಯದೇ ಪೆಟ್ಟಿಗೆ. ಸೋರದ ಟ್ಯೂಬು, ಅದರ ಸುತ್ತ ಹೀರುವ ಹತ್ತಿ ಹಾಕಿದ ಚೀಲ, ಹೊರಗೆ ಗಟ್ಟಿ ಡಬ್ಬ, ಹೀಗೆ ಮೂರು ಸುತ್ತಿನ ಕೋಟೆ ಇರಬೇಕು.

6. ಲೇಬಲ್ಲು ಮತ್ತು ವಿವರ

ಸಣ್ಣ ವಿಷಯ ಅನ್ನಿಸಿದರೂ ಸ್ಯಾಂಪಲ್ ಅನಾಥವಾಗುವುದು ಇಲ್ಲೇ. ಎಥನಾಲ್ ತಾಗಿದರೆ ಮಾಮೂಲಿ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ. ತಣ್ಣಗಾದ ಟ್ಯೂಬಿನ ಮೇಲೆ ನೀರು ಕೂತು ಚೀಟಿ ಅಂಟುವುದಿಲ್ಲ, ಅದಕ್ಕೆ ಮೊದಲೇ ಅಂಟಿಸಿರಬೇಕು. ಮುಚ್ಚಳದ ಮೇಲೆ ಬರೆದರೆ ಮುಚ್ಚಳಗಳು ಅದಲುಬದಲಾಗಬಹುದು, ಟ್ಯೂಬಿನ ಮೈಮೇಲೇ ಇರಲಿ. ಹೆಸರು ಬರೆಯಬಾರದು, ಸಂಕೇತ ಮಾತ್ರ: ಮಳ-017-ಮ-2 ಅಂದರೆ ಮಳವಳ್ಳಿಯ 17ನೇ ವ್ಯಕ್ತಿ, ಮಲ, ಎರಡನೇ ಸಲದ್ದು. ಯಾವ ಸಂಕೇತ ಯಾರದು ಎನ್ನುವ ಪಟ್ಟಿ ಬೇರೆ ಕಡೆ ಬೀಗದೊಳಗೆ.

ವಿವರದಲ್ಲಿ ಬೇಕಾದದ್ದು: ತೆಗೆದ ಸಮಯ, ಫ್ರೀಜರಿಗೆ ಹೋದ ಸಮಯ, ಕಳೆದ ಮೂರು ತಿಂಗಳಲ್ಲಿ ತಿಂದ ಆಂಟಿಬಯಾಟಿಕ್, ನಾಟಿ ಔಷಧ, ಕುಡಿಯುವ ನೀರು ಎಲ್ಲಿಯದು, ನಿನ್ನೆ ಏನು ಊಟ. ‘ಮಾಮೂಲಿ ಊಟ’ ಅಂತ ಬರೆದರೆ ಸಾಲದು. ಮುದ್ದೆ ಸೊಪ್ಪಿನ ಸಾರು ಉಂಡವರಿಗೂ ಹಬ್ಬದ ಬಾಡೂಟ ಮುಗಿಸಿ ಬಂದವರಿಗೂ ವ್ಯತ್ಯಾಸ ಇದೆ. ಸಾಧ್ಯವಾದರೆ ಅದೇ ಮನೆಯ ಆರೋಗ್ಯವಂತರೊಬ್ಬರ ಸ್ಯಾಂಪಲ್ಲೂ ಇರಲಿ. ಒಂದೇ ಒಲೆ, ಒಂದೇ ನೀರು, ಒಂದೇ ದಾರಿ, ಒಂದೇ ಕಾಯುವಿಕೆ. ಆಗ ಉಳಿಯುವ ವ್ಯತ್ಯಾಸಕ್ಕೆ ಕಾಯಿಲೆಯೇ ಕಾರಣ ಅನ್ನುವುದಕ್ಕೆ ಬಲ ಬರುತ್ತದೆ.

7. ಒಪ್ಪಿಗೆ: ಇಲ್ಲಿ ಕನ್ನಡ ಬೇಕು

ಐಸಿಎಂಆರ್ 2017ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಇಂಥ ಸಂಶೋಧನೆಗೆ ನೀತಿ ಸಮಿತಿಯ ಅನುಮತಿ ಬೇಕು, ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಓದಲು ಬಾರದವರಾದರೆ ಪಕ್ಷಪಾತವಿಲ್ಲದ ಸಾಕ್ಷಿಯ ಮುಂದೆ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಬೇಕು. ಯಾವಾಗ ಬೇಕಾದರೂ ‘ಬೇಡ’ ಅನ್ನುವ ಹಕ್ಕು ಅವರಿಗಿದೆ, ಬೇಡ ಅಂದರೂ ಚಿಕಿತ್ಸೆಗೆ ತೊಂದರೆ ಆಗಬಾರದು.

ಅರ್ಥವಾಗುವ ಭಾಷೆ ಅಂದರೆ ಯಾವುದು? “ಜಠರಗರುಳಿನ ಉರಿಯೂತದ ಜೈವಿಕ ಸೂಚಕಗಳ ಅಧ್ಯಯನಾರ್ಥ ತಮ್ಮ ಮಲದ ಮಾದರಿಯನ್ನು ಸಂಗ್ರಹಿಸಲಾಗುವುದು” ಅಂತ ಬರೆದರೆ ಕನ್ನಡವೇನೋ ಹೌದು. ಮಳವಳ್ಳಿಯ ಅವ್ವನಿಗೆ ಅದು ಲ್ಯಾಟಿನ್ನೇ. ಅವರ ಜಗಲಿಯಲ್ಲಿ ಕೂತು ಮಾತಾಡಿದರೆ ಸಂಭಾಷಣೆ ಹೀಗಿರಬೇಕು:

“ಅದ್ನ ತಕೊಂಡೋಗಿ ಏನ್ ಮಾಡೀರಿ ಮಗ?”

“ಅವ್ವಾ, ನಿಮಗಿರೋ ಥರದ ಹೊಟ್ಟೆ ಕಾಯಿಲೆ ಯಾಕ್ ಬರ್ತದೆ ಅಂತ ನೋಡ್ತೀವಿ.”

“ನಂಗ್ ವಾಸಿಯಾದದಾ?”

“ಇಲ್ಲ ಅವ್ವಾ, ಇದು ಔಷಧಿ ಅಲ್ಲ. ನಿಮ್ಮ ಔಷಧಿ ಡಾಕ್ಟ್ರು ಬೇರೆ ಕೊಡ್ತಾರೆ. ಇದ್ರಿಂದ ಮುಂದೆ ನಿಮ್ಮಂಥೋರಿಗೆ ಅನುಕೂಲ ಆಗಬೋದು. ನಿಮಗಿಷ್ಟ ಇದ್ರೆ ಕೊಡಿ, ಬ್ಯಾಡ ಅಂದ್ರೆ ಬ್ಯಾಡ.”

ಈ ಸಂಭಾಷಣೆಯಲ್ಲಿ ಅತಿ ಕಷ್ಟದ ಮಾತು ‘ಇಲ್ಲ ಅವ್ವಾ’ ಅನ್ನುವುದು. ವಾಸಿಯಾಗುತ್ತೆ ಅಂದುಬಿಟ್ಟರೆ ಸ್ಯಾಂಪಲ್ ಸುಲಭವಾಗಿ ಸಿಗುತ್ತದೆ, ಆದರೆ ಅದು ಒಪ್ಪಿಗೆ ಆಗುವುದಿಲ್ಲ. ರಕ್ತ ಕೊಟ್ಟರೆ ನಿಶ್ಶಕ್ತಿ ಆಗುತ್ತೆ ಅನ್ನುವ ಭಯಕ್ಕೂ ನೇರ ಉತ್ತರ ಬೇಕು: ತೆಗೆಯುವುದು 5 ಮಿ.ಲೀ., ಒಂದು ಟೀ ಚಮಚದಷ್ಟು. ಮೈಯಲ್ಲಿರುವುದು ಸುಮಾರು 5 ಲೀಟರ್. ಉಳಿದ ಸ್ಯಾಂಪಲ್ಲನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳಬಹುದೇ ಅಂತ ಬೇರೆಯಾಗಿ ಕೇಳಬೇಕು. ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿ, ಬಸ್ ಚಾರ್ಜು ಕೊಡುವುದು ನ್ಯಾಯ. ಆಸೆ ಹುಟ್ಟಿಸುವಷ್ಟು ಕೊಡುವುದು ತಪ್ಪು. ಪರೀಕ್ಷೆಯಲ್ಲಿ ಅವರ ಆರೋಗ್ಯಕ್ಕೆ ಸಂಬಂಧಿಸಿದ ಏನಾದರೂ ಕಂಡರೆ ಅದನ್ನು ಯಾರು, ಹೇಗೆ ತಿಳಿಸುತ್ತಾರೆ ಅಂತ ಮೊದಲೇ ನಿರ್ಧಾರವಾಗಿರಬೇಕು. ತಗೊಂಡು ಹೋದವರು ಮತ್ತೆ ಮುಖ ತೋರಿಸದಿದ್ದರೆ ಆ ಊರಿನಲ್ಲಿ ಎರಡನೇ ಸ್ಯಾಂಪಲ್ ಸಿಗುವುದಿಲ್ಲ.

8. ನಮ್ಮ ಪಾಲಿನ ಕೆಲಸ

ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ಇಲ್ಲಿ ನಿಲ್ಲಿ. ಐಸ್ ಪೆಟ್ಟಿಗೆಯೊಳಗಿನ ತಾಪಮಾನವನ್ನು ಐದು ನಿಮಿಷಕ್ಕೊಮ್ಮೆ ಬರೆದಿಡುವ ಅಗ್ಗದ ಲಾಗರ್. ಕರೆಂಟ್ ಹೋಗಿ ಮೈನಸ್ 80 ಡಿಗ್ರಿಯ ಫ್ರೀಜರ್ ಬಿಸಿಯಾಗತೊಡಗಿದರೆ ಫೋನಿಗೆ ಬರುವ ಎಚ್ಚರಿಕೆ. ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ಮಾಡುವ, ಕನ್ನಡದಲ್ಲೇ ತುಂಬಬಹುದಾದ ಫಾರಂ. ಒಪ್ಪಿಗೆ ಪತ್ರವನ್ನು ಮಂಡ್ಯದ ಮಾತಿನಲ್ಲಿ ಓದಿ ಹೇಳುವ ಧ್ವನಿಮುದ್ರಿಕೆ. ಇವು ಯಾವುದಕ್ಕೂ ಹೊಸ ವಿಜ್ಞಾನ ಬೇಡ, ಶ್ರದ್ಧೆ ಸಾಕು. ಆಸ್ಪತ್ರೆಯ ವೈದ್ಯರ ಜೊತೆ, ನೀತಿ ಸಮಿತಿಯ ಅನುಮತಿಯೊಳಗೆ ಮಾಡಬೇಕು ಅನ್ನುವುದನ್ನು ಮರೆಯಬಾರದು. ಉತ್ಸಾಹ ಇದೆ ಅಂತ ನಾವೇ ಡಬ್ಬಿ ಹಿಡಿದು ಊರಿಗೆ ಹೋಗುವ ಹಾಗಿಲ್ಲ.

ಮತ್ತೊಂದು ಕೆಲಸಕ್ಕೆ ಪ್ರಾಜೆಕ್ಟೂ ಬೇಡ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಿಗಾದರೂ ವಾರಗಟ್ಟಲೆ ಭೇದಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕಾರಣ ತಿಳಿಯದೆ ತೂಕ ಇಳಿಯುತ್ತಿದ್ದರೆ, ಮಾತ್ರೆ ಅಂಗಡಿಗೆ ಕಳಿಸಬೇಡಿ. ಜೊತೆಗೆ ಹೋಗಿ ಡಾಕ್ಟರಿಗೆ ತೋರಿಸಿ. ಹೇಳಿಕೊಳ್ಳಲು ಅವರಿಗೆ ನಾಚಿಕೆಯಾದರೆ ಮೊದಲ ಮಾತು ನೀವೇ ಆಡಿ.